ಮೂರನೇ ತಿರುವಿನವರೆಗಿನ ಖುಷಿ

ಶನಿವಾರ, ಅಕ್ಟೋಬರ್ ೧೨

ಹೊಸ ಬೂಟು ಕಚ್ಚಿ ಹಿಮ್ಮಡಿ ಉರಿಯುತ್ತಿದೆ. ಇರಲಿ.

ಹೃದಯದ ಆಪರೇಷನ್ ಆಗಿ ವರ್ಷವಾದ ಮೇಲೆ ಇದೇ ಮೊದಲ ಬೆಟ್ಟ. ಏರುವಾಗ ಪ್ರತಿ ತಿರುವಿನಲ್ಲೂ ಹೆಂಡತಿ ನನ್ನ ಕೈ ಹಿಡಿಯುತ್ತಿದ್ದಳು. ಹೊಸ ಮದುಮಗನ ಹಾಗೆ ಉಬ್ಬಿಹೋದೆ. ಮೂರನೇ ತಿರುವಿನಲ್ಲಿ ನೋಡಿದರೆ ಅವಳ ಕಣ್ಣು ವಾಚಿನ ಮೇಲೆ! ನರ್ಸಮ್ಮ ನಾಡಿ ಎಣಿಸುತ್ತಿದ್ದಾಳೆ.

"ನೂರಾ ಹತ್ತು. ಸ್ವಲ್ಪ ಕೂತ್ಕೊಳ್ಳಿ," ಅಂದಳು. ಮುಖ ಊದಿಸಿಕೊಂಡೇ ತುದಿ ಮುಟ್ಟಿದೆ.

ಇಳಿದು ಊರಿನ ಬೀದಿಗೆ ಬಂದಾಗ ಮತ್ತೆ ಕೈ ಹಿಡಿದಳು.

"ಈಗೆಷ್ಟಂತೆ?" ಎಂದು ಸಿಡುಕಿದೆ.

"ಯಾರಿಗ್ಗೊತ್ತು? ವಾಚು ಆಗ್ಲೇ ಬ್ಯಾಗಿಗೆ ಹಾಕ್ಬಿಟ್ಟೆ."

ಈಗ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ಬರೆಯಲು ಇನ್ನೂ ಇದೆ, ಪುಟ ತಿರುಗಿಸಬೇಕು. ಆದರೆ ನನ್ನ ಎಡಗೈ ಇನ್ನೂ ಅವಳ ಕೈಯೊಳಗೇ ಇದೆ