ಬಾಡಿಗೆ ಮನೆಯಲ್ಲಿ ಸಾಯಲು ಯಾರ ಅಪ್ಪಣೆ ಬೇಕು?

ಮಾನ್ಯರೇ,

ನನ್ನ ತಾಯಿಗೆ ಪ್ರಾಣ ಬಿಡಲು ಒಂದು ಬಾಡಿಗೆ ಮನೆ ಬೇಕಾಗಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲ್ಲೂಕುಗಳಲ್ಲಿ ಹುಡುಕಿ ಸೋತ ಮೇಲೆ, ವಸತಿಯ ಹೊಣೆ ಹೊತ್ತ ಅಧಿಕಾರಿಗಳಾದ ತಮಗೆ ಈ ಪತ್ರ ಬರೆಯುತ್ತಿದ್ದೇನೆ. ಕಚೇರಿಗೇ ಬಂದು ಹೇಳಬಹುದಿತ್ತು. ಎರಡು ಸಲ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಆ ಮೀಟಿಂಗಿನಲ್ಲಿ ತಾವು ಮಾತಾಡಿದ್ದನ್ನು ಮರುದಿನ ಪೇಪರಿನಲ್ಲಿ ಓದಿದೆ. ನಮ್ಮ ಭಾಗದಲ್ಲಿ ಬಾಡಿಗೆ ಮನೆಗಳ ಕೊರತೆಯೇ ಇಲ್ಲ, ಬಾಡಿಗೆ ಏರುತ್ತಿರುವುದು ಅಭಿವೃದ್ಧಿಯ ಲಕ್ಷಣ ಎಂದಿದ್ದಿರಿ. ಓದಿದಾಗ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಬರಬೇಕಾದರೂ ಒಂದಿಷ್ಟು ನಿದ್ದೆ ಆಗಿರಬೇಕಲ್ಲ.

ಮನೆಗಳ ಕೊರತೆ ಇಲ್ಲ ಎಂಬ ತಮ್ಮ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಕೋಟೇಶ್ವರದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯ ಕಿಟಕಿಯಿಂದ ನೋಡಿದರೆ ಎದುರಿಗೇ ಮೂರು ಅಂತಸ್ತಿನ ಕಟ್ಟಡ ಕಾಣುತ್ತದೆ. ಅದರಲ್ಲಿ ರಾತ್ರಿ ದೀಪ ಹತ್ತುವುದು ಎರಡೇ ಮನೆಗಳಲ್ಲಿ. ಉಳಿದವು ಮುಂಬಯಿಯಲ್ಲಿ ಹೋಟೆಲು ನಡೆಸುವವರದ್ದು, ದುಬೈಯಲ್ಲಿರುವವರದ್ದು. ಮೇ ತಿಂಗಳಲ್ಲಿ ಬಂದು ಜೇಡರಬಲೆ ತೆಗೆದು, ಹತ್ತು ದಿನ ಹಲಸು ಮಾವು ತಿಂದು, ಬೀಗ ಹಾಕಿಕೊಂಡು ಹೋಗುತ್ತಾರೆ. ಆ ಬೀಗಗಳನ್ನೂ ಲೆಕ್ಕಕ್ಕೆ ಹಿಡಿದರೆ ನಮ್ಮ ಊರಲ್ಲಿ ಜನರಿಗಿಂತ ಮನೆಗಳೇ ಜಾಸ್ತಿ ಇರಬಹುದು.

ಬಾಡಿಗೆ ಏರಿದ ಸಂಗತಿಯೂ ನಿಜ. ನಾನು ಬ್ರಹ್ಮಾವರದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವವಳು. ಮೊದಲು ಶಾಲೆಯ ಹತ್ತಿರವೇ ಇದ್ದೆವು. ಉಡುಪಿ ಮಣಿಪಾಲದಲ್ಲಿ ಬಾಡಿಗೆ ಕೊಡಲಾಗದವರು ಬ್ರಹ್ಮಾವರಕ್ಕೆ ಬಂದರು, ಬ್ರಹ್ಮಾವರದಲ್ಲಿ ಕೊಡಲಾಗದ ನಾವು ಕೋಟೇಶ್ವರಕ್ಕೆ ಬಂದೆವು. ಆರು ವರ್ಷದ ಹಿಂದೆ ನಾಲ್ಕೂವರೆ ಸಾವಿರಕ್ಕೆ ಸಿಗುತ್ತಿದ್ದ ಮನೆಗೆ ಈಗ ಒಂಬತ್ತು ಕೇಳುತ್ತಾರೆ. ನನ್ನ ಸಂಬಳ ಮಾತ್ರ ಆ ಅಭಿವೃದ್ಧಿಯ ಬಸ್ಸು ಹತ್ತಲಿಲ್ಲ. ಇರಲಿ. ಬಾಡಿಗೆಯ ದುಡ್ಡು ಹೇಗೋ ಹೊಂದಿಸುತ್ತಿದ್ದೇವೆ. ಒಂದು ತಿಂಗಳೂ ತಪ್ಪಿಸಿದವರಲ್ಲ. ನನ್ನ ದೂರು ದುಡ್ಡಿನದ್ದಲ್ಲ.

ನನ್ನ ತಾಯಿಯ ಹೆಸರು ಸೀತು. ತಲೆ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ, ಆಮೇಲೆ ಮಾರ್ಕೆಟ್ಟಿನಲ್ಲಿ ಕೂತು ಮಾರಿ, ನನ್ನನ್ನು ಬಿ.ಎಡ್. ಓದಿಸಿದವಳು. ಕಡಲ ಬದಿಯಲ್ಲಿ ನಮ್ಮದೊಂದು ಮನೆಯಿತ್ತು. ಒಂದು ಮಳೆಗಾಲ ಅಂಗಳ ಹೋಯಿತು, ಮತ್ತೊಂದು ಮಳೆಗಾಲ ಗೋಡೆ ಹೋಯಿತು. ಅಲ್ಲಿಂದ ನಾವು ಬಾಡಿಗೆಯವರು. ನನ್ನ ಗಂಡ ಸೋಮ ಗಂಗೊಳ್ಳಿಯ ಬೋಟಿನಲ್ಲಿ ದುಡಿಯುತ್ತಾರೆ. ಹೋದರೆ ವಾರ, ಕೆಲವು ಸಲ ಹತ್ತು ದಿನ ಕಡಲಲ್ಲೇ. ಮನೆಯಲ್ಲಿ ಇರುವವರು ನಾನು ಮತ್ತು ಅಮ್ಮ.

ಅಮ್ಮನ ಎರಡೂ ಕಿಡ್ನಿ ಕೈಕೊಟ್ಟಿವೆ. ಕಳೆದ ತಿಂಗಳ ಕೊನೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಇಲ್ಲಿಟ್ಟುಕೊಂಡು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಆರಾಮಾಗಿ ನೋಡಿಕೊಳ್ಳಿ, ಕೆಲವು ವಾರ ಅಷ್ಟೇ ಎಂದರು. ಒಳಗೆ ಬಂದರೆ ಅಮ್ಮ ಆಗಲೇ ಸೀರೆ ಸರಿಮಾಡಿಕೊಂಡು ಕೂತಿದ್ದಳು. "ಹೋಪ ಹೆಣೆ. ಇಲ್ಲಿ ರಾತ್ರಿಯೂ ಲೈಟ್ ಆರ್ಸುದಿಲ್ಲೆ. ನಂಗೆ ಮನಿಯಲ್ಲೇ ಸಾಕ್" ಎಂದಳು. ಅವಳ ಬಾಯಲ್ಲಿ ನಾನು ಈಗಲೂ ಹೆಣೆ, ಅಂದರೆ ಹುಡುಗಿ. ಕರೆದುಕೊಂಡು ಬಂದೆ. ನಾಲ್ಕನೇ ದಿನ ಬಾಡಿಗೆ ಮನೆಯ ಯಜಮಾನರು ಬಂದರು.

ಅವರು ಕೆಟ್ಟವರಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಬರುವಾಗ ಅಮ್ಮನಿಗೆಂದು ಎಳನೀರು ತಂದಿದ್ದರು. ಒಳಗೆ ಬರದೆ ಗೇಟಿನ ಹತ್ತಿರವೇ ನಿಂತು, ದನಿ ತಗ್ಗಿಸಿ ಮಾತಾಡಿದರು. "ಹ್ವಾಯ್ ಟೀಚರ್, ಬೇಜಾರ್ ಮಾಡ್ಕಣ್ಬೇಡಿ. ಅಮ್ಮನ್ ಆಸ್ಪತ್ರಿಗೇ ಸೇರ್ಸಿ ಕಾಣಿ. ಇಲ್ಲೇ ಎಂತಾರೂ ಆಯ್ತ್ ಅಂದ್ರೆ, ನಕ್ಷತ್ರ ಸಮ ಇಲ್ದಿರೆ, ಮನಿ ಐದಾರ್ ತಿಂಗ್ಳ್ ಬಾಗ್ಲ್ ಹಾಕಿ ಇಡ್ಕ್. ಮತ್ತೆ ಬಾಡಿಗಿಗೆ ಯಾರ್ ಬತ್ರ್? ನಂಗೂ ಬ್ಯಾಂಕಿನ್ ಸಾಲ ಇತ್ತ್."

ಆಸ್ಪತ್ರೆಯವರೇ ಮನೆಗೆ ಕಳಿಸಿದ್ದಾರೆ ಎಂದೆ. "ಹಂಗಾರೆ ಈ ತಿಂಗ್ಳ್ ಕೊನಿಗೆ ಅಗ್ರಿಮೆಂಟ್ ಮುಗೀತ್ತಲೆ, ಬೇರೆ ಎಲ್ಲಾರೂ ಕಾಣಿ" ಎಂದು ಹೇಳಿ ಹೋದರು. ಎಳನೀರನ್ನು ಗೇಟಿನ ಕಂಬದ ಮೇಲೆ ಇಟ್ಟಿದ್ದರು.

ತಾವು ವಿದ್ಯಾವಂತರು, ಇದೆಲ್ಲ ಮೂಢನಂಬಿಕೆ ಎನ್ನಬಹುದು. ನಾನು ಅಷ್ಟು ಸುಲಭವಾಗಿ ಹೇಳಲಾರೆ. ನನ್ನ ಅಜ್ಜ ತೀರಿಕೊಂಡದ್ದು ಅಂಥದ್ದೇ ಒಂದು ನಕ್ಷತ್ರದಲ್ಲಿ. ನಾವೂ ಕಡಲ ಬದಿಯ ಮನೆಗೆ ಬೀಗ ಹಾಕಿ ಮೂರು ತಿಂಗಳು ಮಾವನ ಮನೆಯಲ್ಲಿದ್ದೆವು. ಸ್ವಂತ ಮನೆಯವರು ಹಾಗೆ ಬಾಗಿಲು ಹಾಕಿ ಹೋಗಬಹುದು, ಮತ್ತೆ ಬಂದು ತೆಗೆಯಬಹುದು. ಹುಟ್ಟು ಸಾವು ಎರಡೂ ಆ ಮನೆಯಲ್ಲೇ ಆಗಿ, ಮನೆ ಮನೆಯಾಗಿಯೇ ಉಳಿಯುತ್ತದೆ. ಬಾಡಿಗೆಗೆ ಕೊಟ್ಟವರಿಗೆ ಅದು ಆಗಿಬರುವುದಿಲ್ಲ. ಅಲ್ಲಿ ಒಂದು ಸಾವಾದರೆ ಮುಂದೆ ಬರುವವರು ವಿಚಾರಿಸುತ್ತಾರೆ, ಬಾಡಿಗೆ ಇಳಿಸಲು ಅದೇ ನೆಪವಾಗುತ್ತದೆ. ಹಾಗಾಗಿ ಯಜಮಾನರ ಹೆದರಿಕೆ ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಅಮ್ಮನನ್ನು ಎಲ್ಲಿ ಮಲಗಿಸಬೇಕು ಎಂಬುದು ತಿಳಿಯುವುದಿಲ್ಲ ಅಷ್ಟೇ. ಡಾಕ್ಟರು ಮನೆಗೆ ಒಯ್ಯಿರಿ ಎನ್ನುತ್ತಾರೆ, ಮನೆ ಯಜಮಾನರು ಆಸ್ಪತ್ರೆಗೆ ಒಯ್ಯಿರಿ ಎನ್ನುತ್ತಾರೆ. ಇವೆರಡರ ನಡುವೆ ಇರುವುದು ಹೆದ್ದಾರಿ ಒಂದೇ.

ಹುಡುಕದೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಬೈಂದೂರಿನಲ್ಲಿ ಒಳ್ಳೆಯ ಮನೆ ಸಿಕ್ಕಿತ್ತು. ಕಡಲು ನೋಡಲು ಬರುವವರಿಗೆ, ಕೊಲ್ಲೂರಿಗೆ ಹೋಗುವವರಿಗೆ ಈಗ ದಿನದ ಲೆಕ್ಕದಲ್ಲಿ ಕೊಡುತ್ತೇವೆ, ತಿಂಗಳಿಗೆ ಕೊಟ್ಟರೆ ಪೂರೈಸುವುದಿಲ್ಲ ಎಂದರು. ಬ್ರಹ್ಮಾವರದಲ್ಲಿ ಫೋನಿನಲ್ಲೇ ಮೂರು ಪ್ರಶ್ನೆ. ಯಾವ ಜನ, ಮೀನು ಬೇಯಿಸುತ್ತೀರಾ, ಮನೆಯಲ್ಲಿ ವಯಸ್ಸಾದವರು ಇದ್ದಾರಾ. ಮೊದಲಿನ ಎರಡು ಪ್ರಶ್ನೆಗಳಿಗೆ ನಾನು ಹುಟ್ಟಿದಾಗಿನಿಂದ ಉತ್ತರ ಕೊಡುತ್ತಾ ಬಂದಿದ್ದೇನೆ. ಮೀನು ತಿಂದೇ ಬೆಳೆದ ಊರಲ್ಲಿ ಮೀನಿನ ವಾಸನೆಗೆ ಮೂಗು ಮುಚ್ಚುವವರನ್ನು ನೋಡಿಯೂ ಅಭ್ಯಾಸವಾಗಿದೆ. ಮೂರನೆಯದು ಹೊಸದು. ತಲ್ಲೂರಿನ ಬ್ರೋಕರ್ ಒಬ್ಬರಂತೂ, ಮೊದಲು ಅಮ್ಮನದ್ದು ಮುಗಿಯಲಿ, ಆಮೇಲೆ ಬನ್ನಿ, ಒಳ್ಳೇ ಮನೆ ಕೊಡಿಸುತ್ತೇನೆ ಎಂದು ಸಮಾಧಾನ ಹೇಳಿದರು. ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ.

ಬಸ್ರೂರಿನಲ್ಲಿ ಮಾತ್ರ ನಾನು ಒಂದು ದಡ್ಡತನ ಮಾಡಿದೆ. ಅಮ್ಮನಿಗೆ ಸ್ವಲ್ಪ ಸುಸ್ತು, ಅಷ್ಟೇ ಎಂದು ಹೇಳಿದ್ದೆ. ಹಾಗಾದರೆ ಕರೆದುಕೊಂಡು ಬನ್ನಿ, ಒಮ್ಮೆ ಮುಖ ನೋಡೋಣ ಎಂದರು. ಹೆಣ್ಣು ತೋರಿಸುವ ಶಾಸ್ತ್ರದ ಹಾಗೆ ಅಮ್ಮನಿಗೆ ತಲೆ ಬಾಚಿ, ಒಳ್ಳೆಯ ಸೀರೆ ಉಡಿಸಿ, ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆ. ಮನೆಯಾಕೆ ರಿಕ್ಷಾದ ಹತ್ತಿರ ಬಂದು ನಗುತ್ತಾ ಮಾತಾಡಿಸಿದರು. ಮಾತಾಡುತ್ತಲೇ ಅಮ್ಮನ ಊದಿದ ಪಾದ ನೋಡಿದರು. "ಮನಿ ಬೇರೆಯವ್ರಿಗೆ ಮಾತಾಡಿ ಆಯ್ತಲೆ, ಇವ್ರ್ ನಂಗೆ ಹೇಳಿರೇ ಇಲ್ಲೆ" ಎಂದು ಗಂಡನ ಮೇಲೆ ಹಾಕಿದರು. ವಾಪಸು ಬರುವಾಗ ಸೇತುವೆ ದಾಟಿದ ಮೇಲೆ ಅಮ್ಮ ಹೇಳಿದಳು: "ಹಳ್ತಾ ಹೊಸ್ತಾ ಅಂತ ಕಿವಿ ಎತ್ತಿ ಮೀನ್ ಕಂಡಂಗ್ ಕಂಡ್ಳ್ ಹೆಣೆ. ನಾನಾರೂ ಅಂಥಾ ಮೀನ್ ತಕಂತಿರ್ಲಿಲ್ಲೆ." ರಿಕ್ಷಾದವರು ನಕ್ಕರು. ನನಗೆ ನಗಲು ಆಗಲಿಲ್ಲ. ಅವಳನ್ನು ಸಿಂಗರಿಸಿ ಕರೆದುಕೊಂಡು ಹೋದ ನನ್ನ ಮೇಲೆಯೇ ನನಗೆ ಹೇಸಿಗೆಯಾಗಿತ್ತು.

ಆ ದಿನದಿಂದ ಅಮ್ಮ ಹೊಸ ಕೆಲಸವೊಂದನ್ನು ಹಚ್ಚಿಕೊಂಡಿದ್ದಾಳೆ. ಗೇಟಿನ ಸದ್ದು ಕೇಳಿದರೆ ಸಾಕು, ಯಜಮಾನರೇ ಬಂದರೆಂದು ಹಾಸಿಗೆಯಿಂದ ಏಳುತ್ತಾಳೆ. ಗೋಡೆ ಹಿಡಿದುಕೊಂಡು ಬಂದು ಜಗಲಿಯ ಕುರ್ಚಿಯಲ್ಲಿ ಕೂರುತ್ತಾಳೆ. "ಹ್ವಾಯ್, ಇವತ್ ಬಂಗ್ಡಿ ಹ್ಯಾಂಗೆ?" ಎಂದು ಗಟ್ಟಿ ದನಿಯಲ್ಲಿ ಕೇಳುತ್ತಾಳೆ. ಯಜಮಾನರು ಪಾಪ, ಬಂಗಡೆಯ ರೇಟು ಹೇಳಿ ಹೋಗುತ್ತಾರೆ. ಅವರ ಬೈಕಿನ ಶಬ್ದ ದೂರವಾದ ಮೇಲೆ ಅವಳನ್ನು ನಾನು ಎತ್ತಿಕೊಂಡು ಒಳಗೆ ಮಲಗಿಸಬೇಕು. ಮತ್ತೆ ಎರಡು ದಿನ ಕಣ್ಣು ಬಿಡುವುದಿಲ್ಲ. ನೋವಿಗಿಂತ ಹೆಚ್ಚಾಗಿ ಈ ಗಟ್ಟಿತನವೇ ಅವಳ ಜೀವ ತಿನ್ನುತ್ತಿದೆ. ಬೇಡ ಅಮ್ಮಾ ಎಂದರೆ ಕೇಳುವುದಿಲ್ಲ. ತನ್ನಿಂದಾಗಿ ಮಗಳು ಬೀದಿಗೆ ಬೀಳಬಾರದೆಂಬುದು ಅವಳ ಹಟ.

ಈಗ ತಮ್ಮನ್ನು ಕೆಲವು ಮಾತು ಕೇಳುತ್ತೇನೆ. ಬಾಡಿಗೆ ಮನೆ ಎಂದರೆ ಆರೋಗ್ಯವಂತರು ಉಣ್ಣುವ, ಮಲಗುವ ಜಾಗ ಮಾತ್ರವೇ? ಹನ್ನೊಂದು ತಿಂಗಳ ಅಗ್ರಿಮೆಂಟು ಮಾಡಿಕೊಂಡವರ ಆಯುಷ್ಯವೂ ಹನ್ನೊಂದು ತಿಂಗಳಿಗೊಮ್ಮೆ ರಿನ್ಯೂ ಆಗುತ್ತದೆಯೇ? ಬಾಡಿಗೆಯವರಿಗೆ ವಯಸ್ಸಾಗುವುದಿಲ್ಲವೆಂದು ತಮ್ಮ ಇಲಾಖೆ ಎಲ್ಲಾದರೂ ಕಂಡುಕೊಂಡಿದೆಯೇ? ಸ್ವಂತ ಮನೆ ಕಟ್ಟಲಾಗದವರು ಹೆಚ್ಚುತ್ತಲೇ ಇದ್ದಾರೆ. ಅವರ ಮನೆಗಳಲ್ಲೂ ಮುದುಕರು ಇರುತ್ತಾರೆ. ಅವರನ್ನೆಲ್ಲ ಕೊನೆಗೆ ಎಲ್ಲಿಗೆ ಕಳಿಸಬೇಕೆಂದಿದ್ದೀರಿ?

ನನ್ನ ಬೇಡಿಕೆ ಎರಡು. ಮನೆಯಲ್ಲಿ ಮುದುಕರಿದ್ದಾರೆ, ಕಾಯಿಲೆಯವರಿದ್ದಾರೆ ಎಂಬ ಕಾರಣಕ್ಕೆ ಬಾಡಿಗೆಯವರನ್ನು ಎಬ್ಬಿಸುವ ಹಾಗಿಲ್ಲ ಎಂಬ ನಿಯಮ ತರಲು ಮೇಲಿನವರಿಗೆ ಬರೆಯಿರಿ. ಅದು ಬರುವಷ್ಟರಲ್ಲಿ ನನ್ನ ಅಮ್ಮ ಇರುವುದಿಲ್ಲ, ಗೊತ್ತು. ಬೇರೆಯವರ ಅಮ್ಮಂದಿರಿಗಾದರೂ ಆದೀತು. ಎರಡನೆಯದು ಈ ತಿಂಗಳೊಳಗೆ ಆಗಬೇಕಾದದ್ದು. ತಮ್ಮ ಕಚೇರಿಯ ಹಿಂದೆ ಸಿಬ್ಬಂದಿಯ ಎರಡು ಅಂತಸ್ತಿನ ವಸತಿಗೃಹಗಳು ಖಾಲಿ ಬಿದ್ದಿವೆ. ತಮ್ಮವರೆಲ್ಲ ಉಡುಪಿಯಿಂದ ಓಡಾಡುವುದರಿಂದ ಅಲ್ಲಿ ಯಾರೂ ಇಲ್ಲ. ಅದರಲ್ಲೊಂದನ್ನು ನಮಗೆ ಬಾಡಿಗೆಗೆ ಕೊಡಿ. ಬಾಡಿಗೆ ಎಷ್ಟೆಂದು ತಾವೇ ಹೇಳಿ, ಮುಂಗಡವಾಗಿ ಕೊಡುತ್ತೇನೆ. ಎಷ್ಟು ದಿನಕ್ಕೆ ಎಂದು ಮಾತ್ರ ಕೇಳಬೇಡಿ.

ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಬಾರದೆಂದುಕೊಂಡಿದ್ದೆ. ಆದರೆ ಅವಳ ಹಾಸಿಗೆಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದರಿಂದ, ಯಾರಿಗೆ ಬರೀತೆ ಎಂದು ಕೇಳಿದಳು. ದೊಡ್ಡ ಸಾಹೇಬರ ಹತ್ತಿರ ಒಂದು ಮನೆ ಕೇಳುತ್ತಿದ್ದೇನೆ ಎಂದೆ. ಯಾಕೆ, ಎಷ್ಟು ದಿನಕ್ಕೆ ಎಂದು ಅವಳೂ ಕೇಳಲಿಲ್ಲ. ನನ್ನ ಕೈ ಹಿಡಿದು ಹೇಳಿದಳು:

"ಉಪ್ಪರ್ಗಿ ಬೇಡ ಹೆಣೆ, ಕೆಳ್ಗಿನ್ ಮನಿಯೇ ಕೇಣ್. ಮೆಟ್ಲ್ ಇಳ್ಸುಕೆ ನಾಕ್ ಜನ ಬೇಕಾತ್ತ್. ಸೋಮ ಕಡ್ಲಲ್ಲಿದ್ರೆ ನೀ ಒಬ್ಳೇ ಎಂತ ಮಾಡ್ತೆ?"

ಇಂತಿ,
ಈ ತಿಂಗಳ ಮಟ್ಟಿಗೆ ಕೋಟೇಶ್ವರದವಳಾದ
ವಿನಯಾ