ಸಂಜೆಯ ವೋಲ್ಟೇಜ್

ಫೆಬ್ರುವರಿ 3, ಬೆಳಗ್ಗೆ

ಇವರ ಮೈ ಒರೆಸಿ, ತಿಂಡಿ ತಿನ್ನಿಸಿ, ಅಂಗಡಿ ಬಾಗಿಲು ತೆಗೆದೆ. ಲಕ್ವ ಹೊಡೆದು ಇವರ ಬಲಭಾಗ ಬಿದ್ದುಹೋಗಿದೆ. ನಾಲಿಗೆಗೆ ಏನೂ ಆಗಿಲ್ಲ. ದೇವರು ಯಾವ ಲೆಕ್ಕದಲ್ಲಿ ಆರಿಸುತ್ತಾನೋ.

ನಿನ್ನೆ ಮೈದುನ ಬಂದಿದ್ದ. “ಕರೆಂಟ್ ಒಲೆ ಅಂಗಡಿ ನಡೆಸೋದು ನಿಮ್ಮಿಂದ ಆಗೋ ಮಾತಲ್ಲ ಅತ್ತಿಗೆ. ನನಗೆ ಬಿಟ್ಟುಕೊಡಿ, ನಿಮ್ಮಿಬ್ಬರ ಊಟಕ್ಕೆ ನಾನಿದ್ದೀನಿ” ಅಂದ. ಕೆಟ್ಟವನಲ್ಲ. ಆದರೆ ಊಟಕ್ಕೆ ಇನ್ನೊಬ್ಬರ ಕೈ ನೋಡುವುದು...

“ಹೆರಿಗೆ ಆಸ್ಪತ್ರೆಗೆ ಆರು ಒಲೆ ಬೇಕಂತೆ. ಮಾಡಿ ಕೊಡ್ತೀನಿ. ಅದು ಕೆಟ್ಟರೆ ಬೀಗದ ಕೈ ನಿನಗೆ” ಅಂದೆ.

ಮಲಗಿದಲ್ಲಿಂದಲೇ ಇವರು ನಕ್ಕರು.

ಫೆಬ್ರುವರಿ 5

ಇಷ್ಟು ವರ್ಷ ಒಲೆಯ ತಂತಿ ಸುತ್ತಿ ಕಾಯಿಲ್ ಮಾಡಿದ್ದು ನಾನು. ಅಳೆದು ಕತ್ತರಿಸಿದ್ದು ಇವರು. ಅಳತೆ ಯಾಕೆ ಅಷ್ಟೇ ಅಂತ ಒಮ್ಮೆಯೂ ಹೇಳಿದವರಲ್ಲ. ಇವತ್ತು ಕೇಳಿದೆ. ಹೇಳಿದರು!

“ಮೀಟರಲ್ಲಿ ವೋಲ್ಟ್ ನೋಡು. ವೈರ್‌ಗೆ ಆ ಇಕ್ಕಳದಂಥ ಟಾಂಗ್ ಟೆಸ್ಟರ್ ಕಚ್ಚಿಸಿ ಆಂಪಿಯರ್ ನೋಡು. ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ತಂತಿಯ ತಡೆ — ಓಮ್. ಎರಡನ್ನೂ ಗುಣಿಸಿದ್ರೆ ವ್ಯಾಟ್. ತಂತಿ ಗಿಡ್ಡ ಆದಷ್ಟೂ ತಡೆ ಕಮ್ಮಿ, ಕರೆಂಟ್ ಜಾಸ್ತಿ, ಕಾವು ಜಾಸ್ತಿ. ಹೊಕ್ತಾ ತಲೆಗೆ?”

“ಹೊಕ್ತು.”

“ನಿಮ್ಮ ಹಳ್ಳಿ ಶಾಲೇಲಿ ಭಾಗಾಕಾರ ಇತ್ತಾ?”

“ಭಾಗಾಕಾರ ಇತ್ತು. ಮೇಷ್ಟ್ರು ಇರ್ತಿರಲಿಲ್ಲ.”

ಇಬ್ಬರೂ ನಕ್ಕೆವು. ಎಷ್ಟು ದಿನ ಆಗಿತ್ತು ಹೀಗೆ ನಕ್ಕು. “ಟೆಸ್ಟ್ ಮಾಡೋದು ಸಂಜೆಗೆ ಇಟ್ಕೋ, ಹಗಲು ಗಿರಾಕಿಗಳ ಕಾಟ” ಅಂದರು. ಎಷ್ಟು ಕಾಳಜಿ!

ಫೆಬ್ರುವರಿ 9, ಸಂಜೆ

ಪಕ್ಕದ ಹಿಟ್ಟಿನ ಗಿರಣಿ ಶುರುವಾದ ಮೇಲೆ ಕೂತೆ. ಬಲ್ಬು ಜ್ವರ ಬಂದವರ ಕಣ್ಣಿನ ಹಾಗಿತ್ತು. ಮೀಟರಲ್ಲಿ 184.

“ನೂರಾ ಎಂಬತ್ನಾಲ್ಕೇ ತೋರಿಸ್ತಿದೆಯಲ್ರೀ?” — ಕೂಗಿ ಕೇಳಿದೆ.

“ಮೀಟರ್ ಹೇಳಿದ್ದೇ ಲೆಕ್ಕ. ಅದರ ಮೇಲೆ ಸಾವಿರ ವ್ಯಾಟ್ ಬರೋ ಹಾಗೆ ಕತ್ತರಿಸು.”

ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬಂದೆ. 5.4 ಆಂಪಿಯರ್. ಗುಣಿಸಿದರೆ ಸಾವಿರಕ್ಕೆ ಕೂದಲೆಳೆಯಷ್ಟು ಕಮ್ಮಿ. ಭಾಗಿಸಿದರೆ 34 ಓಮ್. ಆರಕ್ಕೂ ಅದೇ ಅಳತೆ. ಕಾಯಿಲ್ ಕೆಂಪಾಗಿ ಕಾದು ಕೂತಿತು. ನನ್ನ ಲೆಕ್ಕ ಉರಿಯುವುದನ್ನು ನೋಡುತ್ತಾ ಕೈಮುಗಿದೆ.

ಫೆಬ್ರುವರಿ 11

ಆಸ್ಪತ್ರೆಯ ಮೇಟ್ರನ್ ಬಂದು ಒಲೆ ಒಯ್ದರು. “ಬರ್ತೀವಿ ಓನರಮ್ಮ” ಅಂದರು. ಓನರಮ್ಮ! ದೇವರೇ, ಸೊಕ್ಕು ಬಂದಿದ್ದರೆ ಕ್ಷಮಿಸು. ಸ್ವಲ್ಪ ಬಂದಿದ್ದು ನಿಜ.

ಫೆಬ್ರುವರಿ 16

ಒಲೆ ಸುಟ್ಟಿದೆ. ಒಂದಲ್ಲ, ಎರಡು. ನೀರು ಕಾಯಿಸುವಾಗ ಕಾಯಿಲ್ ಬೆಳ್ಳಗೆ ಕಾದು ತುಂಡಾಗಿ ಚಿಮ್ಮಿತಂತೆ. ಅಲ್ಲಿನ ಆಯಾ ಒಬ್ಬಳ ಮಣಿಕಟ್ಟಿಗೆ ಬಿತ್ತು. ಹೋಗಿ ನೋಡಿದೆ. ಬೊಬ್ಬೆ ಎದ್ದ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದಳು.

“ನಿಮ್ಮ ಯಜಮಾನರು ಮಾಡಿದ್ದು ಯಾವತ್ತಾದ್ರೂ ಹೀಗಾಗಿತ್ತಾ?” ಅಂದರು ಮೇಟ್ರನ್. ಓನರಮ್ಮ ಅನ್ನಲಿಲ್ಲ.

ಆರನ್ನೂ ವಾಪಸ್ ತಂದೆ. ಇವರು ಏನಾಯಿತು ಅಂತ ಕೇಳಲಿಲ್ಲ. ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದ್ದರು.

ಫೆಬ್ರುವರಿ 17

ಮೈದುನ ಬಂದ. ನನ್ನ ಲೆಕ್ಕ ತೋರಿಸಿದೆ. ತಲೆ ಕೆರೆದುಕೊಂಡ.

“ಲೆಕ್ಕ ಸರಿ ಇದೆ. ಹೊತ್ತು ತಪ್ಪು. ಗಿರಣಿ ಓಡುವಾಗ ನಮ್ಮ ಲೈನಲ್ಲಿ ವೋಲ್ಟ್ ಬಿದ್ದೋಗುತ್ತೆ, ಆಸ್ಪತ್ರೇಲಿ ಪೂರ್ತಿ ಬರುತ್ತೆ. ಅಣ್ಣ ಗಿರಣಿ ಶುರುವಾದ ಮೇಲೆ ಯಾವತ್ತೂ ಟೆಸ್ಟ್ ಮಾಡಿದವನೇ ಅಲ್ಲ ಅತ್ತಿಗೆ. ಬೆಳಗ್ಗೇನೇ ಮುಗಿಸೋನು. ನಿಮಗೆ ಹೇಳಲಿಲ್ವಾ?”

ಬೆಳಗ್ಗೆ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ನನಗೆ ಹೇಗೆ ಗೊತ್ತಾಗಬೇಕು?

ಮಧ್ಯಾಹ್ನ, ಗಿರಣಿ ನಿಂತಿದ್ದಾಗ, ಉಳಿದ ಒಲೆಯೊಂದಕ್ಕೆ ಮೀಟರ್ ಹಚ್ಚಿದೆ. 230. ಅದೇ 34 ಓಮ್ ತಂತಿ ಆರೂಮುಕ್ಕಾಲು ಆಂಪಿಯರ್ ಎಳೆಯುತ್ತಿತ್ತು. ಗುಣಿಸಿದೆ. ಸಾವಿರದ ಐನೂರ ಐವತ್ತು ದಾಟಿತು. ಸ್ವಿಚ್ ಆರಿಸಿ ಒಳಗೆ ಹೋದೆ.

“ಸಂಜೆ ಮಾಡು ಅಂದಿದ್ದು ಗೊತ್ತಿದ್ದೇ ತಾನೇ?”

ಎಡಗೈಯಲ್ಲಿ ಹೊದಿಕೆ ಎಳೆದುಕೊಂಡರು.

“ಒಬ್ಬಳು ಬಡಪಾಯಿಯ ಕೈ ಸುಟ್ಟಿದೆ ರೀ.”

“ಕೈ ಸುಡಲಿ ಅಂತ ನಾನೇನು ಹರಕೆ ಹೊತ್ತಿದ್ನಾ? ಕಾಯಿಲ್ ಹೋಗುತ್ತೆ, ನಿನ್ನ ಹುಚ್ಚು ಬಿಡುತ್ತೆ ಅಂದ್ಕೊಂಡೆ.” ಆಮೇಲೆ ಗೋಡೆ ಕಡೆ ತಿರುಗಿ — “ಗಂಡ ಉಸಿರಾಡ್ತಿರುವಾಗಲೇ ಅವನ ಸ್ಟೂಲ್ ಮೇಲೆ ಕೂತೆಯಲ್ಲೇ.”

ಸ್ಟೂಲ್! ಅಂಗಡಿಯ ಆ ಒಂದು ಕಾಲು ಅಲ್ಲಾಡುವ ಸ್ಟೂಲ್.

ಸಂಜೆ ಪ್ರಾರ್ಥನೆಗೆ ಕೂತೆ. ಇವರ ಬಲಗೈಗೆ ಮತ್ತೆ ಶಕ್ತಿ ಬರಲಿ ಅಂತ ದಿನಾ ಬೇಡುತ್ತಿದ್ದೆ. ಇವತ್ತು ಅದನ್ನು ಬೇಡಲಿಲ್ಲ. ದೇವರಿಗೆ ಸುಳ್ಳು ಹೇಳುವುದಕ್ಕಿಂತ ಬಾಯಿ ಮುಚ್ಚಿ ಕೂರುವುದು ಮೇಲು.

ಫೆಬ್ರುವರಿ 26, ಬೆಳಗ್ಗೆ

ಆಯಾಳಿಗೆ ಮುಲಾಮು ಕೊಟ್ಟು ಬಂದೆ. ತಗೊಂಡು ಒಳಗೆ ಹೋದಳು. ಮೇಟ್ರನ್ ಕೊನೆಗೆ ಒಪ್ಪಿದರು — ಇನ್ನೊಮ್ಮೆ ಮಾಡಿ ತರಬೇಕು, ಅವರೆದುರೇ ಅಳೆದು ತೋರಿಸಬೇಕು. ಇವತ್ತು ಹನ್ನೊಂದು ಗಂಟೆಗೆ.

ಮೈದುನ ನಿನ್ನೆ ಬೀಗದ ಕೈಗೆ ಬಂದಿದ್ದ. ಆಡಿದ ಮಾತು ಆಡಿದ್ದೇ, ನಾನು ಕೊಡಲೇಬೇಕಿತ್ತು. ಎಡಗೈ ಚಾಚಿ “ಕೊಡೇ ಅವನಿಗೆ” ಅಂದರು ಇವರು. ಮೈದುನ ಅಣ್ಣನ ಮುಖ ನೋಡಿದ, ನನ್ನ ಮುಖ ನೋಡಿದ. “ನಾಳೆ ಸಂಜೆ ಬರ್ತೀನಿ ಅತ್ತಿಗೆ” ಅಂತ ಚಪ್ಪಲಿ ಮೆಟ್ಟಿ ಹೋದ.

ಗಿರಣಿ ಇನ್ನೂ ಬಾಗಿಲು ತೆಗೆದಿಲ್ಲ. ಹೊಸ ತಂತಿ, ಉದ್ದವಾಗಿಯೇ ಕತ್ತರಿಸಿದ್ದೇನೆ. ಐದು ಒಲೆ ಸರಿ ಬಂದವು. ಇದು ಆರನೆಯದು.

ಒಳಗಿಂದ ಕರೆಯುತ್ತಿದ್ದಾರೆ. ಎತ್ತಿ ಕೂರಿಸಬೇಕೇನೋ.

ಮತ್ತೆ ಕರೆದರು. ಈ ಸಲ ಹೆಸರು ಹಿಡಿದು.

ಕೇಳಿಸಿತು. ವೋಲ್ಟ್ 230. ಆಂಪಿಯರ್ 4.35. ಗುಣಿಸಿದರೆ ಸಾವಿರ. ಭಾಗಿಸಿದರೆ 53 ಓಮ್. ಬರೆದಿಟ್ಟೇ ಏಳುತ್ತೇನೆ.