ಕೆಂಪಕ್ಕನ ಹೆಸರಿನ ಮಂಚ

ತೊಕ್ಮೊಕ್,
ನವೆಂಬರ್ ೯

ಪ್ರೀತಿಯ ಕೆಂಪಕ್ಕಾ,

ನಿಮ್ಮ ತಮ್ಮನ ಹೆಂಡತಿ ತಲೆಬಾಗಿ ಮಾಡುವ ಸಲಾಮು. ಕೆಟ್ಟ ಕನಸನ್ನು ಹರಿಯುವ ನೀರಿಗೆ ಹೇಳಿ ಮರೆಯಬೇಕು ಅಂತಾರಲ್ಲ, ಕಾಲುವೆ ಒಣಗಿದೆ, ಅದಕ್ಕೆ ನಲ್ಲಿ ಬಿಟ್ಟುಕೊಂಡು ಹೇಳಿದೆ. ಆದರೂ ಹೋಗಲಿಲ್ಲ. ನೀವು ಬಸ್ ನಿಲ್ದಾಣದ ಬೆಂಚಿನ ಮೇಲೆ ಬರಿಗಾಲಲ್ಲಿ ಮಲಗಿದ್ದಿರಿ, ಹಿಮ ಬೀಳುತ್ತಿತ್ತು. ಶಾಲು ಹೊದಿಸಲು ಹೋದರೆ ಅದು ನನ್ನ ಕೈಯಲ್ಲೇ ಚಿಕ್ಕದಾಗುತ್ತಾ ಹೋಯಿತು. ನಿಮ್ಮ ಆರೋಗ್ಯ ಹೇಗಿದೆ? ಕೆಮ್ಮು ನಿಂತಿತೇ? ನಾನು ಕಳಿಸಿದ ಕುರಿಬಾಲದ ಕೊಬ್ಬನ್ನು ಬಿಸಿ ಚಹಾಕ್ಕೆ ಹಾಕಿ ಕುಡಿದಿರಾ, ಇಲ್ಲಾ ಎಂದಿನಂತೆ ಅಲ್ಲಿಯವರಿಗೆಲ್ಲ ಹಂಚಿಬಿಟ್ಟಿರಾ?

ಮುಂದಿನ ವಾರ ನಿಮ್ಮನ್ನು ಬಿಡುತ್ತಾರೆ ಎಂದು ಎಲ್ಲರೂ ಸಂತೋಷಪಡಬೇಕಿತ್ತು, ನನಗೆ ಮಾತ್ರ ಅನ್ನ ನೀರು ಸೇರುತ್ತಿಲ್ಲ. ನಿಮ್ಮ ಮನೆಯನ್ನು ನಿಮ್ಮ ಗಂಡನ ಕಡೆಯವರು ಮಾರಿಕೊಂಡರು. ನಮ್ಮಲ್ಲಿಗೇ ಕರೆತರೋಣ ಎಂದು ನಿಮ್ಮ ತಮ್ಮನ ಕಾಲು ಹಿಡಿಯುವುದೊಂದು ಬಾಕಿ. “ಜೈಲಿಂದ ಬಂದೋಳು ಮನೇಲಿದ್ರೆ ಮಗಳನ್ನ ಯಾರು ಕೇಳ್ಕೊಂಡು ಬರ್ತಾರೆ? ನನ್ನ ಮುಂದೆ ಅವಳ ಹೆಸರೆತ್ತಬೇಡ” ಅಂದರು. ಹೆಸರೆತ್ತಿದ್ದು ಯಾವಾಗ! ಗಂಡನ ಕಡೆಯ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಬಾರದು ಎಂದು ಅತ್ತೆ ಕಲಿಸಿದ ಮೇಲೆ ನಾನು ಬಜಾರಿನಲ್ಲಿ, ನಿಮ್ಮ ಹೆಸರಿನೊಳಗೆ ಬರುತ್ತದೆಂದು, ದಾಳಿಂಬೆಯನ್ನೂ “ಆ ಕೆಂಪು ಹಣ್ಣು” ಅಂತಲೇ ಕೇಳುವವಳು. ಅಳುವಿನ ನಡುವೆಯೂ ನಗು ಬಂತು.

ಇನ್ನು ಒಳ್ಳೆಯದನ್ನು ಬರೆಯುತ್ತೇನೆ. ಬಿಷ್ಕೆಕ್‌ನಲ್ಲಿ ತುರ್ಸುನಾಯ್ ಎಂಬ ಹೆಂಗಸು, ತಾನೂ ಒಳಗಿದ್ದು ಬಂದವಳು, ನಿಮ್ಮಂತೆ ಹೊರಬಂದವರಿಗಾಗಿ ಒಂದು ಮನೆ ನಡೆಸುತ್ತಾಳೆ. ಆ ಮನೆಯ ವಿಳಾಸವನ್ನೇ ನಿಮ್ಮ ವಿಳಾಸವಾಗಿ ನೋಂದಾಯಿಸುತ್ತಾರಂತೆ, ವಿಳಾಸ ಇಲ್ಲದೆ ಕೆಲಸವೂ ಇಲ್ಲ, ಆಸ್ಪತ್ರೆಯೂ ಇಲ್ಲ ನೋಡಿ. ನಿಮ್ಮ ತಮ್ಮನಿಗೆ ತಿಳಿಯದ ಹಾಗೆ ಕೋಳಿಗೂಡಿನ ಹಿಂದೆ ನಿಂತು ಫೋನು ಮಾಡಿದೆ. “ಯಾರಿಗಮ್ಮಾ ಮಂಚ?” ಅಂದಳು. “ನಮ್ಮ ಕೆಂಪಕ್ಕನಿಗೆ” ಅಂದೆ. “ಸರಿ, ಕಿಟಕಿ ಹತ್ರದ್ದು ಇಟ್ಟಿರ್ತೀನಿ” ಅಂದಳು. ಆ ಮಾತು ಕೇಳಿ ಕೋಳಿಗಳ ಮುಂದೆಯೇ ಕೂತು ಅತ್ತುಬಿಟ್ಟೆ. ಬಿಡುಗಡೆಯ ದಿನ ಗೇಟಿನ ಹತ್ತಿರ ಅವಳೇ ಬರುತ್ತಾಳೆ. ದಾರಿಯಲ್ಲಿ ಬೇರೆ ಯಾರಾದರೂ ಗುರುತು ಹೇಳಿ ಕಾರು ಹತ್ತಿಸಲು ಬಂದರೆ ಹತ್ತಬೇಡಿ. ಉಣ್ಣೆಯ ಕಾಲುಚೀಲ ಎರಡನ್ನು ಒಂದರ ಮೇಲೊಂದು ಹಾಕಿಕೊಳ್ಳಿ. ಮಗಳು ನಿಮ್ಮನ್ನು ನೆನೆಯುತ್ತಾಳೆ, ಅಪ್ಪನಿಲ್ಲದಾಗ.

ದೇವರು ನಿಮ್ಮ ಹಾದಿಯನ್ನು ಬೆಳಗಲಿ.

ನಿಮ್ಮ
ಸೈಕಾಲ್

ತಾ.ಕ.: ಕಾಗದ ಮಡಚುವಷ್ಟರಲ್ಲಿ ತುರ್ಸುನಾಯ್ ಫೋನು. “ಗೇಟಿನವರ ಹತ್ರ ಕೇಳಿದ್ರೆ ಕೆಂಪಕ್ಕ ಅನ್ನೋರು ಯಾರೂ ಇಲ್ಲ ಅಂತ ನಗ್ತಾರೆ ಕಣಮ್ಮಾ! ಪಾಸ್‌ಪೋರ್ಟಲ್ಲಿ ಇರೋ ಹೆಸರು ಹೇಳು. ಸರಿಹೋಗದಿದ್ರೆ ನೋಂದಣಿ ಆಗಲ್ಲ, ಮಂಚಕ್ಕೆ ಬೇರೆಯವರೂ ಕಾಯ್ತಿದ್ದಾರೆ” ಅಂದಳು. ಅತ್ತೆಯ ಆತ್ಮ ಕ್ಷಮಿಸಲಿ, ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟೆ: ಅನಾರ್‌ಕುಲ್. ಹೇಳಿದ ಮೇಲೆ ಭಯ ಹತ್ತಿದೆ. ಅನಾರ್‌ಗುಲ್ ಇರಬಹುದೇ? ಅತ್ತೆ ನಿಮ್ಮನ್ನು ಕೂಗುವಾಗ ಹೆಸರಿನ ಕೊನೆಯನ್ನು ನುಂಗುತ್ತಿದ್ದರು, ನಿಮ್ಮ ತಮ್ಮನನ್ನು ಕೇಳಿದರೆ ಮಂಚದ ವಿಷಯವೇ ಹೊರಬೀಳುತ್ತದೆ. ಈ ಕಾಗದ ತರುವ ಪಕ್ಕದ ಮನೆಯ ಮಾರಿಪಾಳ ಹತ್ತಿರವೇ ಉತ್ತರ ಹೇಳಿ ಕಳಿಸಿ. ಪಾಸ್‌ಪೋರ್ಟಿನಲ್ಲಿ ‘ಕು’ ಇದೆಯೋ ‘ಗು’ ಇದೆಯೋ, ದಯವಿಟ್ಟು ಇನ್ನೊಮ್ಮೆ ನೋಡಿ.